ಮೂರನೆಯ ಪಿನ್ನು

ನಮ್ಮ ಕಡೆ ಲ್ಯಾಪ್‌ಟಾಪ್ ಹಟ ಹಿಡಿದರೆ ಮೊದಲು ಬೈಸಿಕೊಳ್ಳುವುದು ಬೆರಳು. ‘ಮೆತ್ತಗೆ ಮುಟ್ಟೋ’, ‘ಕೈ ತೊಳ್ಕೊಂಡು ಬಾ’, ‘ಸೌದೆ ಒಡೆಯೋ ಕೈ ಕಣೋ ನಿಂದು, ಇದಕ್ಕೆಲ್ಲ ನಾಜೂಕು ಬೇಕು’ ಅನ್ನುವ ಮಾತುಗಳನ್ನು ಚಿಕ್ಕಬಳ್ಳಾಪುರದಲ್ಲೂ ಕೇಳಿದ್ದೇನೆ, ಗೌರಿಬಿದನೂರಿನಲ್ಲೂ ಕೇಳಿದ್ದೇನೆ. ಚಿಂತಾಮಣಿಯಲ್ಲಿ ಇವೇ ಮಾತು ಅರ್ಧ ತೆಲುಗಿನಲ್ಲಿ ಬರುತ್ತವೆ. ಬೈಸಿಕೊಂಡ ಹುಡುಗನೋ ಹುಡುಗಿಯೋ ಮರುಮಾತಾಡದೆ ಬೆರಳನ್ನು ಬಟ್ಟೆಗೆ ಒರೆಸಿಕೊಂಡು ಮತ್ತೆ ಟಚ್‌ಪ್ಯಾಡಿನ ಆ ಕಪ್ಪು ಚೌಕದ ಮೇಲೆ ಇಡುತ್ತಾರೆ. ಪರದೆಯ ಬಾಣ ಮತ್ತೆ ತನಗೆ ಬೇಕಾದ ಕಡೆಗೆ ನೆಗೆಯುತ್ತದೆ. ಆ ಬಾಣದ ಮೇಲೆ ನನಗೆ ಸಿಟ್ಟಿದೆ. ಆದರೆ ಆ ಬೈಗುಳದ ಮೇಲಿನ ಸಿಟ್ಟು ಅದಕ್ಕಿಂತ ದೊಡ್ಡದು. ದುಡಿಯುವ ಬೆರಳಿಗೆ ಯಂತ್ರದ ಯೋಗ್ಯತೆ ಇಲ್ಲ ಎಂದು ಒಂದು ಮಗು ನಂಬಿಕೊಂಡುಬಿಟ್ಟರೆ ಆ ನಂಬಿಕೆಯನ್ನು ಕೀಳುವುದು ಕಷ್ಟ.

ನಾನು ರಿಪೇರಿ ಅಂಗಡಿಯವನಲ್ಲ. ಹುಟ್ಟಿದ್ದು ಶಿಡ್ಲಘಟ್ಟದಲ್ಲಿ, ರೇಷ್ಮೆ ನೂಲು ಬಿಚ್ಚುವವರ ಮನೆಯಲ್ಲಿ. ಈಗ ಕಾಲೇಜಿನಲ್ಲಿ ಭೌತವಿಜ್ಞಾನ ಪಾಠ ಮಾಡುತ್ತೇನೆ. ‘ನೀವು ಫಿಸಿಕ್ಸ್ ಅಲ್ವಾ ಸಾರ್, ಸ್ವಲ್ಪ ನೋಡಿ’ ಎಂದು ಮಕ್ಕಳು ಲ್ಯಾಪ್‌ಟಾಪನ್ನು ನನ್ನ ಮೇಜಿಗೆ ತರುತ್ತಾರೆ. ಮಕ್ಕಳಾದ ಮೇಲೆ ಅವರ ಅಣ್ಣಂದಿರು, ಆಮೇಲೆ ನೆಂಟರು. ಹೀಗೆ ಬಂದ ದೂರುಗಳಲ್ಲಿ ಬಹುಪಾಲು ಒಂದೇ: ‘ಟಚ್ ಓಗ್ಬಿಟ್ಟೈತೆ.’ ಬಿಚ್ಚಿ ಕೇಳಿದರೆ ಅದರೊಳಗೆ ಬೇರೆ ಬೇರೆ ಕಾಯಿಲೆಗಳು ಇರುತ್ತವೆ. ಬಾಣ ತಾನಾಗಿ ಓಡುವುದು, ಟೈಪ್ ಮಾಡುವಾಗ ಸಾಲು ಬಿಟ್ಟು ಸಾಲಿಗೆ ಜಿಗಿಯುವುದು, ಒತ್ತಿದರೂ ಕ್ಲಿಕ್ ಆಗದಿರುವುದು, ಒತ್ತದಿದ್ದರೂ ಕ್ಲಿಕ್ ಆಗುವುದು.

ನಮ್ಮ ಊರುಗಳಿಗೆ ಬರುವ ಯಂತ್ರಗಳು ಹೆಚ್ಚಾಗಿ ಹೊಸವಲ್ಲ. ಬೆಂಗಳೂರಿನ ಕಂಪನಿಗಳು ಕೆಲವು ವರ್ಷ ಬಾಡಿಗೆ ಕರಾರಿನ ಮೇಲೆ ಇಟ್ಟುಕೊಂಡು ವಾಪಸು ಕೊಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳು ಅಲ್ಲಿನ ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಸೇರುತ್ತವೆ. ಅಲ್ಲಿ ಮೈ ಒರೆಸಿಕೊಂಡು, ಹೊಸ ಎಸ್ಎಸ್‌ಡಿ ಹಾಕಿಸಿಕೊಂಡು, ಯಾರದೋ ಬೆನ್ನಿನ ಚೀಲದಲ್ಲಿ ಚಿಕ್ಕಬಳ್ಳಾಪುರದ ಬಸ್ಸನ್ನೋ ಗೌರಿಬಿದನೂರಿನ ರೈಲನ್ನೋ ಹತ್ತುತ್ತವೆ. ಇವಲ್ಲದೆ ದಿನಾ ಬೆಂಗಳೂರಿಗೆ ಹೋಗಿಬರುವವರ ಕಂಪನಿ ಲ್ಯಾಪ್‌ಟಾಪ್‌ಗಳಿವೆ. ಆಫೀಸಿನ ಕೆಲಸಕ್ಕೆಂದೇ ಮಾಡಿದ ಇಂಥ ಯಂತ್ರಗಳ ಬಗ್ಗೆ ನನಗೆ ಗೌರವ ಇದೆ. ಕೀಲು ಗಟ್ಟಿ, ಕೀಲಿಮಣೆ ಬೆರಳಿಗೆ ಹಿತ, ಬಿಡಿಭಾಗ ಸಿಗುತ್ತವೆ, ಬಿಚ್ಚಿ ಕಟ್ಟುವುದು ಸುಲಭ. ಅಂಗಡಿಯಲ್ಲಿ ಮಿನುಗುವ ಅಗ್ಗದ ಹೊಸದಕ್ಕಿಂತ ಇಂಥ ಹಳೆಯದನ್ನೇ ಕೊಳ್ಳಿ ಎಂದು ಮಕ್ಕಳಿಗೆ ಹೇಳುತ್ತೇನೆ, ಈಗಲೂ ಹೇಳುತ್ತೇನೆ. ಆದರೆ ಇವು ಕನಸು ಕಂಡ ಜಾಗ ಬೇರೆ. ಹವಾನಿಯಂತ್ರಿತ ಕೋಣೆ, ಒಣಗಿದ ಮೆತ್ತನೆ ಕೈ, ಅರ್ಥಿಂಗ್ ಸರಿಯಿರುವ ಸಾಕೆಟ್ ಇವೆಲ್ಲ ಇದ್ದೇ ಇರುತ್ತವೆ ಎಂದುಕೊಂಡು ಇವುಗಳ ಟಚ್‌ಪ್ಯಾಡನ್ನು ಅಳೆದು ಹೊಂದಿಸಿರುತ್ತಾರೆ. ಶಿಡ್ಲಘಟ್ಟದ ಓಣಿಯ ಮನೆಗೆ ಬಂದಾಗ ಆ ಲೆಕ್ಕ ತಪ್ಪುತ್ತದೆ.

ಟಚ್‌ಪ್ಯಾಡಿಗೆ ಬೆರಳಿನ ಒತ್ತಡವಾಗಲಿ ಬಿಸಿಯಾಗಲಿ ತಿಳಿಯುವುದಿಲ್ಲ. ಆ ಚೌಕದ ಅಡಿಯಲ್ಲಿ ತಾಮ್ರದ ಗೆರೆಗಳು ಅಡ್ಡಕ್ಕೂ ಉದ್ದಕ್ಕೂ ಒಂದನ್ನೊಂದು ಮುಟ್ಟದಂತೆ ಹಾದಿರುತ್ತವೆ. ಎರಡು ಗೆರೆ ಹಾಯುವ ಪ್ರತಿ ಜಾಗವೂ ಒಂದೊಂದು ಪುಟ್ಟ ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಚೂರು ಹಿಡಿದಿಡುವ ಪಾತ್ರೆ. ನಮ್ಮ ಮೈಯೊಳಗೆ ಇರುವುದು ಉಪ್ಪು ಬೆರೆತ ನೀರು, ಅಂದರೆ ವಿದ್ಯುತ್ ಹರಿಸುವ ವಸ್ತು. ಬೆರಳು ಹತ್ತಿರ ಬಂದಾಗ ಅಲ್ಲಿನ ವಿದ್ಯುತ್ ಕ್ಷೇತ್ರದಲ್ಲಿ ಒಂದಿಷ್ಟು ನಮ್ಮ ಕಡೆಗೆ ಸರಿಯುತ್ತದೆ. ಆ ಸರಿದಾಟವನ್ನು ಅಳೆಯುವುದೇ ಟಚ್‌ಪ್ಯಾಡಿನ ಕೆಲಸ. ಅಳತೆ ಎಷ್ಟು ಸಣ್ಣದೆಂದರೆ ಕೆಪಾಸಿಟರ್ ಅಳೆಯುವ ಮಾನವಾದ ಒಂದು ಫ್ಯಾರಡ್ಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲಿಗೆ ಪಿಕೋಫ್ಯಾರಡ್ ಎಂದು ಹೆಸರು, ಬೆರಳು ತರುವ ವ್ಯತ್ಯಾಸ ಆ ಲೆಕ್ಕದ್ದು. ಇಷ್ಟು ಸಣ್ಣ ಪಿಸುಮಾತನ್ನು ಸೆಕೆಂಡಿಗೆ ಹತ್ತಾರು ಸಲ ಕೇಳಿ, ಬೆರಳು ಎಲ್ಲಿತ್ತು ಎಲ್ಲಿಗೆ ಹೋಯಿತು ಎಂದು ಹೇಳಬೇಕು. ಅಮೆರಿಕದ ಜಾರ್ಜ್ ಗೆರ್‌ಫೈಡ್ 1980ರ ದಶಕದ ಕೊನೆಯಲ್ಲಿ ಇಂಥದ್ದನ್ನು ರೂಪಿಸಿದರು. 1994ರಲ್ಲಿ ಆಪಲ್ ತನ್ನ ಪವರ್‌ಬುಕ್ 500ರ ಸಾಲಿನಲ್ಲಿ ಹಾಕಿದ ಮೇಲೆ ಅದು ಲೋಕಕ್ಕೆಲ್ಲ ಹಬ್ಬಿತು. ಇಂದಿಗೂ ಬಹಳ ಲ್ಯಾಪ್‌ಟಾಪ್‌ಗಳ ಟಚ್‌ಪ್ಯಾಡ್ ಮಾಡುವ ಸಿನಾಪ್ಟಿಕ್ಸ್ ಕಂಪನಿಯನ್ನು 1986ರಲ್ಲಿ ಕಟ್ಟಿದ ಇಬ್ಬರಲ್ಲಿ ಒಬ್ಬರು ಫೆಡರಿಕೊ ಫ್ಯಾಜಿನ್, ಇಂಟೆಲ್‌ನ ಮೊದಲ ಮೈಕ್ರೋಪ್ರೊಸೆಸರ್ 4004ರ ವಿನ್ಯಾಸ ನಡೆಸಿದವರು. ಇನ್ನೊಬ್ಬರು ಕಾರ್ವರ್ ಮೀಡ್. ಇಂಥ ತಲೆಗಳು ದುಡಿದ ವಸ್ತು ಇದು. ಇದನ್ನು ತೆಗಳಲು ನಾನು ಹೊರಟಿಲ್ಲ.

ಪಿಸುಮಾತು ಕೇಳುವ ವಿದ್ಯೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೆ ಹೊಸದೂ ಅಲ್ಲ. ಗೌರಿಬಿದನೂರಿನ ಸುತ್ತ ಹೊಲ, ಗುಡ್ಡ, ಕುರುಚಲು ಕಾಡಿನ ನಡುವೆ ಎಲ್ ಆಕಾರದಲ್ಲಿ ಎರಡು ತೋಳು ಚಾಚಿ ಹಬ್ಬಿರುವ ಭೂಕಂಪಮಾಪಕಗಳ ಸಾಲೊಂದಿದೆ. ಇಂದಿನ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಬ್ರಿಟನ್ನಿನ ಪರಮಾಣು ಶಕ್ತಿ ಸಂಸ್ಥೆಯ ಜೊತೆಗೂಡಿ 1965ರಲ್ಲಿ ಹಾಕಿದ್ದು. ಸಾವಿರಾರು ಮೈಲಿ ಆಚೆ ಯಾರಾದರೂ ನೆಲದಡಿ ಅಣುಬಾಂಬ್ ಪರೀಕ್ಷೆ ಮಾಡಿದರೆ ಅದರ ನಡುಕ ಇಲ್ಲಿನ ಬಂಡೆಗೆ ಬರುತ್ತದೆ. ಆ ನಡುಕ ನಮ್ಮ ಊರಿನ ಒಂದು ಲಾರಿ ಎಬ್ಬಿಸುವ ನಡುಕಕ್ಕಿಂತ ಸಣ್ಣದಿರಬಹುದು. ಹಾಗಿದ್ದರೂ ಅದು ಗೊತ್ತಾಗುವುದು ಹೇಗೆ? ಲಾರಿ ಒಂದು ಮಾಪಕದ ಹತ್ತಿರ ಮಾತ್ರ ಹಾದುಹೋಗುತ್ತದೆ, ಆದರೆ ದೂರದ ಅಲೆ ಎಲ್ಲ ಮಾಪಕಗಳನ್ನೂ ಒಂದು ಕ್ರಮದಲ್ಲಿ, ಒಂದರ ಹಿಂದೆ ಒಂದನ್ನು ಮುಟ್ಟುತ್ತದೆ. ಆ ಕಾಲದ ಅಂತರವನ್ನು ಸರಿಹೊಂದಿಸಿ ಎಲ್ಲವನ್ನೂ ಕೂಡಿದರೆ ಅಲೆ ಬಲವಾಗುತ್ತದೆ, ಲಾರಿಯ ಗದ್ದಲ ಕರಗುತ್ತದೆ. ಅಲ್ಲೇ ಹತ್ತಿರ 1976ರಿಂದ ಇರುವ ರೇಡಿಯೋ ದೂರದರ್ಶಕದ್ದೂ ಇಂಥದೇ ತಪಸ್ಸು. ಟಿ ಆಕಾರದಲ್ಲಿ ಸಾವಿರ ಆಂಟೆನಾಗಳು, ಪೂರ್ವ ಪಶ್ಚಿಮಕ್ಕೆ 1.4 ಕಿಲೋಮೀಟರ್ ತೋಳು, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ಸದ್ದು ಕೇಳುವುದು. ಎರಡಕ್ಕೂ ಗದ್ದಲ ಕಡಿಮೆ ಇರುವ ನೆಲ ಬೇಕಿತ್ತು. ಗೌರಿಬಿದನೂರು ಅದನ್ನು ಕೊಟ್ಟಿತು.

ಟಚ್‌ಪ್ಯಾಡ್ ಮಾಡುವುದೂ ಇದನ್ನೇ, ಅಂಗೈ ಅಗಲದಲ್ಲಿ. ಪಕ್ಕಪಕ್ಕದ ಗೆರೆಗಳ ಮಾತನ್ನು ಹೋಲಿಸಿ, ಹಿಂದಿನ ಕ್ಷಣದ ಜೊತೆ ತಾಳೆ ನೋಡಿ, ಇದು ಬೆರಳು, ಇದು ಗದ್ದಲ ಎಂದು ಬೇರೆ ಮಾಡುತ್ತದೆ. ಕೋಣೆಯ ಟ್ಯೂಬ್‌ಲೈಟು, ಪಕ್ಕದ ಫೋನು ಮುಂತಾದವುಗಳ ಗದ್ದಲವನ್ನು ಅದು ಸಾಮಾನ್ಯವಾಗಿ ಗೆಲ್ಲುತ್ತದೆ. ಅದು ಸೋಲುವ ಗದ್ದಲ ಒಂದಿದೆ. ಅದು ಬೆರಳಿನ ಮೂಲಕವೇ ಬರುತ್ತದೆ, ಬೆರಳು ಎಲ್ಲಿದೆಯೋ ಅಲ್ಲೇ ಏಳುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಮ್ಮ ನಾಲ್ಕು ಊರಿನ ಮನೆಗಳಲ್ಲಿ ನಾನು ಕಂಡ ‘ಟಚ್’ ಕಾಯಿಲೆಗಳಲ್ಲಿ ಹೆಚ್ಚಿನವು ಇಲ್ಲಿಂದ ಹುಟ್ಟಿದಂಥವು.

ಚಾರ್ಜರ್ ಅನ್ನುವುದು 230 ವೋಲ್ಟಿನ ಮನೆಯ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ 20 ವೋಲ್ಟಿನ ಆಸುಪಾಸಿಗೆ ಇಳಿಸುವ ಪೆಟ್ಟಿಗೆ. ಆ ಕತ್ತರಿಸುವ ಗದ್ದಲ ಹೊರಗೆ ಚೆಲ್ಲದಂತೆ ಒಳಗೆ ಪುಟ್ಟ ಕೆಪಾಸಿಟರ್‌ಗಳನ್ನು ಇಟ್ಟಿರುತ್ತಾರೆ. ಅವು ಗದ್ದಲವನ್ನು ಅರ್ಥಿಂಗ್ ತಂತಿಗೆ ದಾಟಿಸುತ್ತವೆ. ದೊಡ್ಡ ಮೂರನೆಯ ಪಿನ್ನು ಇರುವುದು ಅದಕ್ಕೂ ಹೌದು. ಆ ಪಿನ್ನು ಗೋಡೆಯ ಸಾಕೆಟ್ಟಿನಲ್ಲಿ ಸೇರಿಕೊಂಡರೂ ತೂತಿನ ಹಿಂದೆ ತಂತಿಯೇ ಇಲ್ಲದಿದ್ದರೆ ಗದ್ದಲ ಎಲ್ಲಿಗೆ ಹೋಗಬೇಕು? ಲ್ಯಾಪ್‌ಟಾಪಿನ ಮೈಗೆ ಬರುತ್ತದೆ. ಲೋಹದ ಮೈಯಾಗಿದ್ದರೆ ಮಣಿಕಟ್ಟು ತಗುಲಿದಾಗ ಜುಮ್ಮೆನ್ನುತ್ತದೆ. ಪ್ರಾಣಕ್ಕೆ ತಾಗುವಷ್ಟು ಕರೆಂಟಲ್ಲ, ಮಿಲಿಆಂಪಿಯರಿನ ಒಂದು ತುಣುಕು. ಆದರೆ ಪಿಕೋಫ್ಯಾರಡ್ ಎಣಿಸುತ್ತ ಕುಳಿತ ಟಚ್‌ಪ್ಯಾಡಿಗೆ ಅದು ಗುಡುಗು. ಬೆರಳಿಟ್ಟ ಕೂಡಲೇ ಆ ಗದ್ದಲ ಬೆರಳಿನಿಂದ ಮೈಗೆ, ಮೈಯಿಂದ ನೆಲಕ್ಕೆ ದಾರಿ ಹುಡುಕುತ್ತದೆ. ಬಾಣ ಕುಣಿಯತೊಡಗುತ್ತದೆ. ಬರಿಗಾಲಲ್ಲಿ ತಣ್ಣನೆಯ ಗಾರೆ ನೆಲದ ಮೇಲೆ ಕುಳಿತು ಕೆಲಸ ಮಾಡುವ ನಮ್ಮ ಮಕ್ಕಳಿಗೆ ಈ ಕಾಟ ಇನ್ನೂ ಹೆಚ್ಚು.

ಪರೀಕ್ಷೆ ಬಹಳ ಸುಲಭ. ಚಾರ್ಜರಿನ ವೈರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಬಾಣ ಸಾಧುವಾದರೆ ಬೆರಳೂ ಸರಿ, ಟಚ್‌ಪ್ಯಾಡೂ ಸರಿ. ಕಾಯಿಲೆ ಗೋಡೆಯಲ್ಲೋ ಚಾರ್ಜರಿನಲ್ಲೋ ಇದೆ. ಇದನ್ನು ಮೊದಲ ವರ್ಷದ ತರಗತಿಯಲ್ಲಿ ಮಾಡಿ ತೋರಿಸುವಾಗ ನನಗೆ ಎಚ್. ನರಸಿಂಹಯ್ಯನವರ ನೆನಪಾಗುತ್ತದೆ. ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಭೌತವಿಜ್ಞಾನದ ಮೇಷ್ಟ್ರಾಗಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನೇ ಪರೀಕ್ಷೆಗೆ ಕರೆದ ಮನುಷ್ಯ. ಅವರ ಊರಿನ ಸೀಮೆಯಲ್ಲಿ ಒಂದು ಯಂತ್ರ ಕೆಟ್ಟರೆ ಯಾರದೋ ಕೈಗುಣ ಎಂದು ಹೇಳಿ ಮುಗಿಸುವುದು ನಾನು ಸಹಿಸಲಾಗದ ಮಾತು. ವೈರ್ ಕಿತ್ತು ನೋಡಲು ಅರ್ಧ ನಿಮಿಷ ಸಾಕು.

ಅರ್ಥಿಂಗ್ ಇಲ್ಲದಿರುವುದಕ್ಕೆ ನಮ್ಮ ಸೀಮೆಯಲ್ಲಿ ಕಾರಣಗಳು ಹಲವು. ಹಳೆಯ ಮನೆಗಳ ಮರದ ಪಟ್ಟಿಯ ಮೇಲೆ ಓಡುವುದು ಎರಡೇ ತಂತಿ. ಆಮೇಲೆ ಬಂದ ಮೂರು ತೂತಿನ ಸಾಕೆಟ್ಟನ್ನು ಅದಕ್ಕೇ ಸಿಕ್ಕಿಸಿರುತ್ತಾರೆ, ಮೇಲಿನ ತೂತು ಸುಮ್ಮನೆ ತೂತು. ಹೊಸ ಮನೆಯಲ್ಲಿ ಹಸಿರು ತಂತಿ ಎಳೆದಿರುತ್ತಾರೆ, ಆದರೆ ಅದರ ತುದಿ ಮೀಟರ್ ಹಲಗೆಯ ಹಿಂದೆ ಎಲ್ಲಿಗೂ ಸೇರದೆ ನಿಂತಿರುತ್ತದೆ. ಸಂತೆಯಲ್ಲಿ ಸಿಗುವ ಎಕ್ಸ್‌ಟೆನ್ಷನ್ ಬಾಕ್ಸುಗಳು ಇನ್ನೂ ಮೋಸ. ಹೊರಗೆ ಮೂರು ತೂತು, ಬಿಚ್ಚಿ ನೋಡಿದರೆ ಒಳಗೆ ಬರುವ ವೈರಿನಲ್ಲಿ ಎರಡೇ ಎಳೆ. ಇನ್ನು ಅರ್ಥಿಂಗ್ ಗುಂಡಿ ಇದ್ದ ಕಡೆ ಅದರ ಪಾಡು ಬೇರೆ. ಇದ್ದಲು, ಉಪ್ಪು ತುಂಬಿ ಕೊಳವೆ ಹೂತು, ಆಗಾಗ ನೀರು ಹೊಯ್ಯಬೇಕು. ಮಣ್ಣು ಹಸಿಯಾಗಿದ್ದರೆ ತಾನೆ ಕರೆಂಟು ನೆಲಕ್ಕಿಳಿಯುವುದು. ಒಂದು ಜೀವನದಿಯೂ ಇಲ್ಲದ, ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಹನಿ ಕಾಣದ ಜಿಲ್ಲೆಯಲ್ಲಿ ಅರ್ಥಿಂಗ್ ಗುಂಡಿಗೆ ಬಿಂದಿಗೆ ನೀರು ಹೊಯ್ಯಿರಿ ಎಂದು ಯಾವ ಬಾಯಲ್ಲಿ ಹೇಳುವುದು? ಅಡಿಯಲ್ಲಿ ಬಂಡೆ, ಮೇಲೆ ಒಣ ಕೆಮ್ಮಣ್ಣು. ಬೆಂಗಳೂರಿನ ಸಂಸ್ಕರಿಸಿದ ನೀರು ಪೈಪುಗಳಲ್ಲಿ ಬಂದು ಒಂದಿಷ್ಟು ಕೆರೆ ತುಂಬಿದೆ, ನಿಜ. ಆದರೂ ಮಾರ್ಚ್ ಏಪ್ರಿಲ್‌ನಲ್ಲಿ ಗುಂಡಿಗಳು ಬೂದಿಯಾಗಿರುತ್ತವೆ.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. ಟಚ್‌ಪ್ಯಾಡಿನ ಗದ್ದಲ ಇಳಿಸಲು ಬಡಪಾಯಿ ಗುಂಡಿಯೂ ಸಾಕು, ಏಕೆಂದರೆ ಅಲ್ಲಿ ಹರಿಯುವ ಕರೆಂಟು ಅಷ್ಟು ಅಲ್ಪ. ಜೀವ ಕಾಯುವ ಅರ್ಥಿಂಗ್ ಬೇರೆ ವಿಷಯ. ಗೀಸರಿನ, ಮೋಟಾರಿನ ಮೈಗೆ ಫೇಸ್ ತಗುಲಿದರೆ ಅದನ್ನು ನುಂಗಿ ಫ್ಯೂಸ್ ಹಾರಿಸಬೇಕಾದ್ದು ಒಳ್ಳೆಯ ಗುಂಡಿ. ಹಾಗಾಗಿ ಕುಣಿಯುವ ಬಾಣವನ್ನು ಬರಿ ಕಿರಿಕಿರಿ ಎಂದುಕೊಳ್ಳಬೇಡಿ. ಈ ಮನೆಯಲ್ಲಿ ಅರ್ಥಿಂಗ್ ಇಲ್ಲ ಎಂದು ಅದು ಸಾರಿ ಹೇಳುತ್ತಿರಬಹುದು, ಅದೇ ಮನೆಯಲ್ಲಿ ಒದ್ದೆ ಕೈಯಲ್ಲಿ ಮಿಕ್ಸಿ ಮುಟ್ಟುವ ಅಮ್ಮ ಇದ್ದಾಳೆ. ಕೆಲವರು ಸಾಕೆಟ್ಟಿನೊಳಗೇ ಅರ್ಥಿಂಗ್ ತೂತನ್ನು ನ್ಯೂಟ್ರಲ್‌ಗೆ ಗಂಟು ಹಾಕಿ ‘ಸರಿಯಾಯ್ತು’ ಎನ್ನುತ್ತಾರೆ. ಬಾಣ ಸರಿಯಾಗುವುದು ನಿಜ. ಎಲ್ಲೋ ನ್ಯೂಟ್ರಲ್ ತಂತಿ ಕಿತ್ತುಹೋದ ದಿನ ಲ್ಯಾಪ್‌ಟಾಪಿನ ಮೈಗೆಲ್ಲ 230 ವೋಲ್ಟ್ ಬರುತ್ತದೆ. ಆ ಕೆಲಸವನ್ನು ಯಾರಿಂದಲೂ ಮಾಡಿಸಬೇಡಿ.

ಬೆರಳಿನ ಮಾತಿಗೆ ಬರುತ್ತೇನೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಅಲ್ಲಿಂದ ಹೊರಟ ಗೂಡು ಓಣಿ ಓಣಿಯ ನೂಲು ಬಿಚ್ಚುವ ಮನೆಗಳಿಗೆ ಹೋಗುತ್ತದೆ. ಕುದಿನೀರಲ್ಲಿ ಬೆಂದಾಗ ಗೂಡಿನ ಎಳೆಗಳನ್ನು ಹಿಡಿದಿದ್ದ ಸೆರಿಸಿನ್ ಎಂಬ ಅಂಟು ಮೆತ್ತಗಾಗುತ್ತದೆ. ಆಗ ಬೇಸನ್ನಿನ ಬಿಸಿನೀರಿಗೆ ಕೈ ಹಾಕಿ ತುದಿ ಹುಡುಕಬೇಕು. ತಲೆಗೂದಲಿಗಿಂತ ಎಷ್ಟೋ ಸಣ್ಣ ಎಳೆ, ಹಬೆಯಲ್ಲಿ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ತಿಳಿಯುತ್ತದೆ. ಎಳೆ ತುಂಡಾದದ್ದು ತಿಳಿಯುವುದು, ಹೊಸ ಗೂಡಿನ ತುದಿ ಎಸೆದು ಸೇರಿಸುವುದು ಎಲ್ಲವೂ ಬೆರಳ ತುದಿಯ ಜ್ಞಾನ. ನನ್ನ ತಾಯಿಯ ಬೆರಳು ಇದನ್ನು ನಿದ್ದೆಗಣ್ಣಿನಲ್ಲೂ ಮಾಡುತ್ತಿತ್ತು. ಆ ಬೆರಳುಗಳ ಚರ್ಮ ನೀರಿನಲ್ಲಿ ನೆನೆದು, ಬೆಂದು, ಸುಲಿದು, ಮತ್ತೆ ದಪ್ಪಗೆ ಕಟ್ಟಿಕೊಂಡಿರುತ್ತದೆ. ರೇಷನ್ ಅಂಗಡಿಯ ಬೆರಳಚ್ಚು ಯಂತ್ರ ಇಂಥ ಎಷ್ಟೋ ಕೈಗಳನ್ನು ಗುರುತಿಸದೆ ವಾಪಸು ಕಳಿಸಿದೆ. ಟಚ್‌ಪ್ಯಾಡ್ ಕೂಡ ಇವುಗಳನ್ನು ಅರ್ಧಂಬರ್ಧ ಕೇಳಿಸಿಕೊಳ್ಳುತ್ತದೆ. ಚರ್ಮ ದಪ್ಪವಾಗಿ ಒಣಗಿದ್ದರೆ ಪಿಸುಮಾತು ಇನ್ನೂ ಸಣ್ಣದಾಗುತ್ತದೆ. ಒದ್ದೆಯಾಗಿದ್ದರೆ ನೀರಿನ ಹನಿಯೇ ಇನ್ನೊಂದು ಬೆರಳಂತೆ ಕಂಡು ಲೆಕ್ಕ ಕೆಡುತ್ತದೆ.

ಈಗ ಗೂಡಿನ ಹರಾಜು ಮೊಬೈಲಿನಲ್ಲಿ, ಹಣ ಬ್ಯಾಂಕ್ ಖಾತೆಯಲ್ಲಿ. ನೂಲಿನ ಲೆಕ್ಕ, ಜಿಎಸ್‌ಟಿ, ಸಾಲದ ಅರ್ಜಿ ಎಂದು ಮನೆಮನೆಗೆ ಲ್ಯಾಪ್‌ಟಾಪ್ ಬಂದಿದೆ. ಬೇಸನ್ನಿನ ಮುಂದಿನಿಂದ ಎದ್ದು ಬಂದವರೇ ಅದರ ಮುಂದೆ ಕೂರಬೇಕು. ರೇಷ್ಮೆಯ ತುದಿಯನ್ನು ಹಬೆಯಲ್ಲಿ ಹುಡುಕಬಲ್ಲ ಬೆರಳಿಗೆ ನಾಜೂಕಿಲ್ಲ ಎಂದು ಹೇಳುವವರಿಗೆ ನಾನೇನು ಹೇಳಲಿ! ಆ ಬೆರಳನ್ನು ಅರಿಯದಿರುವುದು ಯಂತ್ರದ ಕೊರತೆ. ತಯಾರಕರು ತಮ್ಮ ಪರೀಕ್ಷಾ ಕೋಣೆಗೆ ಇಂಥ ಕೈಗಳನ್ನು ಕರೆದು ಕೂರಿಸಿದ ದಿನ ಅದು ನೀಗಬಹುದು. ಅಲ್ಲಿಯವರೆಗೆ ಒಂದು ವೈರಿನ ಮೌಸ್ ತನ್ನಿ. ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಒದ್ದೆ ಕೈಗೂ ಒರಟು ಕೈಗೂ ಒಂದೇ ರೀತಿ ನಡೆಯುತ್ತದೆ. ಮೌಸ್ ಬಳಸುವುದರಲ್ಲಿ ಯಾವ ಸಂಕೋಚವೂ ಬೇಡ.

ಕನ್ನಡದಲ್ಲಿ ಬರೆಯುವವರ ಸಂಕಟ ಇನ್ನೊಂದು ಬಗೆ. ಟೈಪ್ ಮಾಡುವಾಗ ಅಂಗೈಯ ಬುಡ ಟಚ್‌ಪ್ಯಾಡಿಗೆ ತಾಗಿ ಕರ್ಸರ್ ಜಿಗಿಯುವ ಕಾಟ ಎಲ್ಲರಿಗೂ ಇದೆ. ಅದರಲ್ಲೂ ಸಂಖ್ಯೆಗಳ ಕೀಲಿ ಪಕ್ಕದಲ್ಲಿರುವ ಅಗಲ ಲ್ಯಾಪ್‌ಟಾಪ್‌ಗಳಲ್ಲಿ ಟಚ್‌ಪ್ಯಾಡ್ ಎಡಕ್ಕೆ ಸರಿದಿದ್ದು, ಬಲಗೈ ಬುಡಕ್ಕೆ ಸರಿಯಾಗಿ ಸಿಗುತ್ತದೆ. ಆದರೆ ಇಂಗ್ಲಿಷಿನಲ್ಲಿ ಒಂದು ಅಕ್ಷರ ಬೇರೆ ಕಡೆ ಬಿದ್ದರೆ ಕೆಂಪು ಗೆರೆ ಎದ್ದು ಹೇಳುತ್ತದೆ. ಕನ್ನಡದಲ್ಲಿ ಹಾಗಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ, ಅದನ್ನು ಬಳಸುವ ನುಡಿ ತಂತ್ರಾಂಶದಲ್ಲಿ ನಾವು ಒತ್ತಕ್ಷರ ಕಟ್ಟುವುದು ಎಫ್ ಕೀಲಿ ಒತ್ತಿ. ‘ರಾಷ್ಟ್ರ’ ಬರೆಯಲು ಷ, ಎಫ್, ಟ, ಎಫ್, ರ ಹೀಗೆ ಸರಪಳಿ ನಡೆಯಬೇಕು. ನಡುವೆ ಕರ್ಸರ್ ಜಿಗಿದರೆ ಇಲ್ಲಿ ‘ರಾಷ್’ ಎಂದು ಅರ್ಧ ನಿಂತು, ಉಳಿದ ‘ಟ್ರ’ ಹೋಗಿ ಮೇಲಿನ ಯಾವುದೋ ಸಾಲಿನ ಹೊಟ್ಟೆಯಲ್ಲಿ ಕೂರುತ್ತದೆ. ಒಂದು ಪದ ಕೆಟ್ಟದ್ದು ಕಣ್ಣಿಗೆ ಬೀಳುತ್ತದೆ, ಇನ್ನೊಂದು ಬೀಳುವುದಿಲ್ಲ. ಪಂಚಾಯಿತಿಯ ನಡಾವಳಿ, ಕೋರ್ಟಿನ ತಕರಾರು ಅರ್ಜಿ, ಪತ್ರಿಕೆಗೆ ಕಳಿಸುವ ವರದಿ ಎಲ್ಲದರಲ್ಲೂ ಹೀಗೆ ಅನಾಥ ಒತ್ತುಗಳು ಸೇರಿಕೊಳ್ಳುತ್ತವೆ. ನನ್ನ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಬಾಣ ಜಿಗಿದು ಬೇರೆ ಆಯ್ಕೆಯ ಮೇಲೆ ಕ್ಲಿಕ್ ಆಗಿ, ಅದನ್ನು ತಿದ್ದಿಸಲು ಕಚೇರಿಯಿಂದ ಕಚೇರಿಗೆ ಅಲೆದಳು. ವರ್ಷದ ಫೀಸು ಆ ಒಂದು ಕ್ಲಿಕ್ಕಿನ ಮೇಲೆ ನಿಂತಿತ್ತು. ಇದನ್ನು ಸಣ್ಣ ತೊಂದರೆ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಮೌಸ್ ಸಿಕ್ಕಿಸಿದಾಗ ಟಚ್‌ಪ್ಯಾಡ್ ತಾನಾಗಿ ಆರಿಹೋಗುವ ಆಯ್ಕೆ ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿದೆ. ಟಚ್‌ಪ್ಯಾಡಿನ ಸೂಕ್ಷ್ಮತೆ ಇಳಿಸುವ ಆಯ್ಕೆಯೂ ಅಲ್ಲೇ ಇದೆ. ಬಹಳ ಬರೆಯುವವರು ಎರಡನ್ನೂ ಮಾಡಿಕೊಳ್ಳಬೇಕು.

ಒತ್ತಿದರೂ ಕ್ಲಿಕ್ ಆಗದ ಕಾಯಿಲೆಯ ಮೂಲ ವಿನ್ಯಾಸದಲ್ಲಿದೆ. ಹಿಂದೆ ಟಚ್‌ಪ್ಯಾಡಿನ ಕೆಳಗೋ ಮೇಲೋ ಎರಡು ಪ್ರತ್ಯೇಕ ಗುಂಡಿಗಳಿರುತ್ತಿದ್ದವು. ಅಂದ ಹೆಚ್ಚಲಿ ಎಂದು ಗುಂಡಿ ತೆಗೆದು, ಇಡೀ ಹಲಗೆಯೇ ಒತ್ತುವಂತೆ ಮಾಡಿದರು. ಆ ಹಲಗೆಗೆ ಮೇಲಂಚಿನಲ್ಲಿ ಕೀಲು. ಬಾಗಿಲನ್ನು ಕೀಲಿನ ಪಕ್ಕದಲ್ಲಿ ತಳ್ಳಿದರೆ ಹೇಗೋ ಹಾಗೆ, ಮೇಲ್ಭಾಗದಲ್ಲಿ ಎಷ್ಟು ಒತ್ತಿದರೂ ಅಲುಗದು. ಒತ್ತುವ ಭರದಲ್ಲಿ ಬೆರಳು ಜಾರುತ್ತದೆ, ಬಾಣವೂ ಜಾರುತ್ತದೆ, ಕ್ಲಿಕ್ ಪಕ್ಕದ ಮನೆಗೆ ಬೀಳುತ್ತದೆ. ಕೆಲಸದ ಯಂತ್ರದಿಂದ ಗುಂಡಿ ತೆಗೆದದ್ದು ತಪ್ಪು ನಿರ್ಧಾರ ಎಂಬುದು ನನ್ನ ಖಚಿತ ಅಭಿಪ್ರಾಯ. ಥಿಂಕ್‌ಪ್ಯಾಡಿನ ಚರಿತ್ರೆಯಲ್ಲಿ ಇದಕ್ಕೆ ಸಾಕ್ಷಿಯೂ ಇದೆ. ಐಬಿಎಂನ ಟೆಡ್ ಸೆಲ್ಕರ್ ರೂಪಿಸಿದ, ಬಾಣ ಓಡಿಸುವ ಕೆಂಪು ಕಡ್ಡಿ 1992ರಿಂದ ಕೀಲಿಮಣೆಯ ನಡುವೆ ಇತ್ತು, ಅದಕ್ಕೆ ಬೇರೆಯೇ ಗುಂಡಿಗಳಿದ್ದವು. 2013ರಲ್ಲಿ ಬಂದ ಟಿ440ಯಲ್ಲಿ, ಆ ಹೊತ್ತಿಗೆ ಥಿಂಕ್‌ಪ್ಯಾಡ್ ಮಾಡುತ್ತಿದ್ದ ಲೆನೊವೊ ಆ ಗುಂಡಿಗಳನ್ನು ತೆಗೆಯಿತು. ಬಳಸುವವರು ಜಗತ್ತಿನೆಲ್ಲೆಡೆ ಗದ್ದಲ ಎಬ್ಬಿಸಿದರು. 2015ರ ಟಿ450ಯಲ್ಲಿ ಗುಂಡಿಗಳು ಮರಳಿದವು. ಗಟ್ಟಿಯಾಗಿ ಹೇಳಿದರೆ ದೊಡ್ಡ ಕಂಪನಿಯೂ ಕೇಳುತ್ತದೆ. ಹಳೆಯ ಲ್ಯಾಪ್‌ಟಾಪ್ ಕೊಳ್ಳಲು ಹೋದಾಗ ಗುಂಡಿ ಇರುವ ಮಾದರಿಯನ್ನೇ ಕೇಳಿ ತೆಗೆದುಕೊಳ್ಳಿ. ಕೆಂಪು ಕಡ್ಡಿ ಇದ್ದರೆ ಇನ್ನೂ ಒಳ್ಳೆಯದು. ಅದು ಅಳೆಯುವುದು ಬೆರಳಿನ ತಳ್ಳುವಿಕೆಯನ್ನು, ಚರ್ಮ ಒದ್ದೆಯೋ ಒಣಗಿದೆಯೋ ಅದಕ್ಕೆ ಬೇಕಿಲ್ಲ.

ಕೆಲವು ಹಳೆಯ ಮಾದರಿಗಳಲ್ಲಿ ಟಚ್‌ಪ್ಯಾಡಿನ ಎಡ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಇರುತ್ತದೆ. ಅದನ್ನು ಎರಡು ಸಲ ತಟ್ಟಿದರೆ ಟಚ್‌ಪ್ಯಾಡ್ ಪೂರ್ತಿ ಆರುತ್ತದೆ, ಮತ್ತೆರಡು ಸಲ ತಟ್ಟಿದರೆ ಏಳುತ್ತದೆ. ಅರಿಯದೆ ತಟ್ಟಿದ ಹುಡುಗನೊಬ್ಬನಿಗೆ ‘ಪ್ಯಾಡೇ ಬದಲಾಯಿಸಬೇಕು’ ಎಂದು ಒಂದು ಅಂಗಡಿಯವರು ಸಾವಿರಾರು ರೂಪಾಯಿ ಲೆಕ್ಕ ಹೇಳಿ ಕಳಿಸಿದ್ದರು. ಅವನ ತಂದೆ ಚಿಂತಾಮಣಿ ಮಾರುಕಟ್ಟೆಯಲ್ಲಿ ಟೊಮೆಟೊ ಕ್ರೇಟು ಹೊರುವವರು. ಆ ಹಣ ಅವರಿಗೆ ಎಷ್ಟು ದಿನದ ಕೂಲಿ ಎಂದು ಯೋಚಿಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಟಚ್‌ಪ್ಯಾಡ್ ಪೂರ್ತಿ ಸತ್ತಂತೆ ಕಂಡರೆ ಆ ಚುಕ್ಕೆಯನ್ನೂ, ಕೀಲಿಮಣೆಯ ಮೇಲುಸಾಲಿನಲ್ಲಿ ಟಚ್‌ಪ್ಯಾಡಿನ ಚಿತ್ರವಿರುವ ಕೀಲಿಯನ್ನೂ ನೋಡದೆ ಯಾರಿಗೂ ಹಣ ಕೊಡಬೇಡಿ.

ಒಂದು ಕಾಯಿಲೆಯನ್ನು ಮಾತ್ರ ಮನೆಯಲ್ಲಿ ಪರೀಕ್ಷಿಸುತ್ತ ಕೂರಬಾರದು. ಟಚ್‌ಪ್ಯಾಡ್ ಒಂದು ಅಂಚಿನಲ್ಲಿ ಎದ್ದಿದ್ದರೆ, ಮೊದಲು ಸಲೀಸಾಗಿ ಆಗುತ್ತಿದ್ದ ಕ್ಲಿಕ್ ಬಿಗಿಯಾಗಿ ನಿಂತಿದ್ದರೆ, ಲ್ಯಾಪ್‌ಟಾಪ್ ಮೇಜಿನ ಮೇಲೆ ಸಮನಾಗಿ ಕೂರದೆ ತೊನೆದಾಡಿದರೆ ಅದರಡಿಯ ಬ್ಯಾಟರಿ ಉಬ್ಬಿರಬಹುದು. ತೆಳುವಾದ ಯಂತ್ರಗಳಲ್ಲಿ ಬ್ಯಾಟರಿ ಅಂಗೈ ಇಡುವ ಜಾಗದ ಕೆಳಗೇ ಇರುತ್ತದೆ. ಹಳತಾದ ಲಿಥಿಯಂ ಬ್ಯಾಟರಿಯೊಳಗೆ ಅನಿಲ ತುಂಬಿ ಅದು ದಿಂಬಿನಂತಾಗಿ ಟಚ್‌ಪ್ಯಾಡನ್ನು ಮೇಲಕ್ಕೆ ನೂಕುತ್ತದೆ. ಒತ್ತಿ ಕೂರಿಸಲು ಹೋದರೆ, ಚುಚ್ಚಿದರೆ ಬೆಂಕಿ ಹತ್ತಬಹುದು. ಕೂಡಲೇ ಆಫ್ ಮಾಡಿ, ಚಾರ್ಜರ್ ತೆಗೆದು, ಬ್ಯಾಟರಿ ಬದಲಿಸಿಕೊಳ್ಳಿ. ಹಳೆಯ ಯಂತ್ರ ಕೊಳ್ಳುವವರು ಅಂಗಡಿಯಲ್ಲೇ ಅದನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ನೋಡಬೇಕು.

ಕೊನೆಗೆ ಮತ್ತೆ ಗೋಡೆಯ ಮಾತು. ನಮ್ಮ ನಾಲ್ಕೂ ಊರಿನಲ್ಲಿ ಈಗ ಹೊಸ ಬಡಾವಣೆಗಳು ಏಳುತ್ತಿವೆ, ಹೆದ್ದಾರಿಯ ಎರಡೂ ಬದಿ ಮನೆ ಕಟ್ಟುತ್ತಿದ್ದಾರೆ. ಕಟ್ಟುತ್ತಿರುವವರಲ್ಲಿ ನನ್ನದೊಂದು ಕೋರಿಕೆ. ಗೃಹಪ್ರವೇಶದ ಖರ್ಚಿನಲ್ಲಿ ಒಂದಿಷ್ಟು ಉಳಿಸಿ ಸರಿಯಾದ ಅರ್ಥಿಂಗ್ ಗುಂಡಿ ತೋಡಿಸಿ. ಪ್ರತಿ ಸಾಕೆಟ್ಟಿಗೂ ಹಸಿರು ತಂತಿ ಎಳೆಸಿ. ಕೆಲಸ ಮುಗಿದ ದಿನ ಎಲೆಕ್ಟ್ರೀಷಿಯನ್‌ನನ್ನು ನಿಲ್ಲಿಸಿಕೊಂಡು, ಫೇಸಿಗೂ ಅರ್ಥಿಂಗ್ ತೂತಿಗೂ ಅವನ ಟೆಸ್ಟ್ ಲ್ಯಾಂಪ್ ಹಿಡಿದು ತೋರಿಸು ಎಂದು ಕೇಳಿ. ಬಲ್ಬು ಪೂರ್ತಿ ಬೆಳಕಿನಲ್ಲಿ ಉರಿದ ಮೇಲೆ ಅವನ ಕೊನೆಯ ಕಂತು ಕೊಡಿ.